ಜೀಪಿಗೂ ಐತನಿಗೂ ಒಂದೇ ಲೋಟ

“ಕಣ್ಣು ಎಲ್ಲಿಟ್ಟಿದೀಯೋ ಮುಂಡೇದೆ? ಹೊಸ ಇಂಟರ್‌ಲಾಕ್ ಮೇಲೆ ಎಮ್ಮೆ ಉಚ್ಚೆ ಹೊಯ್ದ ಹಾಗೆ ಹೊಯ್ಸಿದೀಯಲ್ಲ.”

ಸೀತಾರಾಮಯ್ಯನವರು ಜಗಲಿಯ ಮೇಲೆ ನಿಂತು ಬೈಯುತ್ತಿದ್ದರು. ಐತ ಜೀಪಿನಡಿ ಅಂಗಾತ ಮಲಗಿ ಕೇಳಿಸಿಕೊಳ್ಳುತ್ತಿದ್ದ. ಬೈಸಿಕೊಳ್ಳಲು ಅದು ಒಳ್ಳೆಯ ಜಾಗ, ಮುಖ ಕಾಣುವುದಿಲ್ಲವಾದ್ದರಿಂದ ನಕ್ಕರೂ ನಡೆಯುತ್ತದೆ. ಹಿಂದಿನ ಆಕ್ಸಲ್ಲಿನ ನಡುವಿನ ಉಬ್ಬಿನಿಂದ ಗೇರ್ ಆಯಿಲ್ ತೊಟ್ಟಿಕ್ಕಿ ಅವನ ಕಿವಿಯ ಪಕ್ಕದಲ್ಲೇ ಬೀಳುತ್ತಿತ್ತು.

“ಹೊಯ್ದಿದ್ದು ನಾನಲ್ರ ಅಯ್ಯ, ಜೀಪು. ಸೀಲು ಹೋಗ್ಯದೆ.”

“ಹೋದ್ರೆ ಹಾಕ್ಸೋದಲ್ವಾ?”

“ಅದೇ, ಜಯಪುರಕ್ಕೆ ತಗಂಡು ಹೋಗ್ಬೇಕು. ಮೆಕ್ಯಾನಿಕ್ ಗಂಗಾಧರ್‌ಗೆ ಫೋನ್ ಮಾಡಿದ್ದೆ. ಆಕ್ಸಲ್ ಉಸಿರು ಬಿಡೋ ತೂತಿಗೆ ಮಣ್ಣು ಕೂತಿರ್ತದೆ ಅಂದ. ಒಳಗಿನ ಬಿಸಿಗೆ ಹೊರಗೆ ಬರಾಕೆ ದಾರಿ ಇಲ್ದಿದ್ರೆ ಸೀಲ್ ಕಿತ್ಕೊಂಡೇ ಬರ್ತದಂತೆ.”

“ಜಯಪುರವೂ ಇಲ್ಲ, ಗಿಯಪುರವೂ ಇಲ್ಲ. ನಾಳೆ ಬೀಗರನ್ನ ಯಾರು ಕರ್ಕೊಂಡು ಬರೋದು, ನಿನ್ನ ಅಪ್ಪನಾ?”

ಮೆಣಸೆಯ ಕಡೆಯಿಂದ ಮಗಳು ಅರ್ಪಣಾಳನ್ನು ನೋಡಲು ಗಂಡಿನವರು ಬರುವವರಿದ್ದರು. ಹರಿಹರಪುರದ ಟಾರು ರಸ್ತೆಯಿಂದ ಮನೆಗೆ ಬರುವ ಏರಿನಲ್ಲಿ ಬೇರೆ ಯಾವ ಕಾರೂ ಹತ್ತುವುದಿಲ್ಲ. ನಾಲ್ಕೂ ಚಕ್ರ ಎಳೆಯುವ ಈ ಜೀಪೇ ಆಗಬೇಕು, ಜೀಪು ಹತ್ತಬೇಕಾದರೆ ಐತನೇ ಆಗಬೇಕು. ಇನ್ನೂ ಬೀಗರೇ ಆಗದವರನ್ನು ಸೀತಾರಾಮಯ್ಯನವರು ಒಂದು ವಾರದಿಂದ ಬೀಗರೆಂದೇ ಕರೆಯುತ್ತಿದ್ದರು. ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದ್ದೂ ಅವರಿಗಾಗಿಯೇ.

“ಬೈದ್ರೆ ಸೋರೋದು ನಿಲ್ತದಾ?” ಎನ್ನುತ್ತ ಅವರ ಹೆಂಡತಿ ಅನ್ನಪೂರ್ಣೇಶ್ವರಿ ಹೊರಗೆ ಬಂದರು. ತೊಟ್ಟಿಕ್ಕುವಲ್ಲಿಗೆ ಏನಾದರೂ ಇಡಬೇಕಿತ್ತು. ಬಕೆಟ್ಟು ಹೊಸದು, ತಪಲೆ ಮಡಿಯದು, ಹಳೆಯ ಡಬ್ಬವೊಂದಿತ್ತಾದರೂ ಅದರಲ್ಲಿ ದಾಸವಾಳದ ಗಿಡ ಚಿಗುರಿತ್ತು. ಅವರ ಕಣ್ಣು ಅತ್ತಿತ್ತ ಓಡಾಡಿ ಕೊಟ್ಟಿಗೆಯ ಸೂರಿನಲ್ಲಿ ನಿಂತಿತು. ಅಲ್ಲಿ ಐತನ ಲೋಟವನ್ನು ಸಿಕ್ಕಿಸಿಟ್ಟಿತ್ತು.

“ಅದನ್ನೇ ಇಡೋ ಮಾರಾಯ. ನಿಂದೇ ಅಲ್ವಾ, ಆಮೇಲೆ ತೊಳ್ಕೊಂಡ್ರಾಯ್ತು.”

ಐತನ ಅಪ್ಪ ಇದೇ ಅಂಗಳದಲ್ಲಿ ತೆಂಗಿನ ಕರಟದಲ್ಲಿ ಕಾಫಿ ಕುಡಿದವನು. ಐತನ ಕಾಲಕ್ಕೆ ಕರಟ ಹೋಗಿ ಸ್ಟೀಲ್ ಲೋಟ ಬಂತು. ಕಾಲ ಎಷ್ಟು ಬದಲಾಗಿದೆ ನೋಡಿ ಎಂದು ಸೀತಾರಾಮಯ್ಯನವರು ಬಂದವರಿಗೆಲ್ಲ ಅದನ್ನು ತೋರಿಸುವುದುಂಟು. ಬದಲಾಗದೆ ಉಳಿದದ್ದು ಸೂರು ಮಾತ್ರ. ಅನ್ನಪೂರ್ಣೇಶ್ವರಿ ಅಮ್ಮ ಮೇಲಿನಿಂದ ಹೊಯ್ಯುತ್ತಾರೆ, ಐತ ಕೆಳಗೆ ಹಿಡಿಯುತ್ತಾನೆ, ಕುಡಿದು ತೊಳೆದು ಅಲ್ಲೇ ಸಿಕ್ಕಿಸುತ್ತಾನೆ. ಜೀಪಿನೊಳಗೆ ಮಾತ್ರ ಇದ್ಯಾವುದೂ ಇಲ್ಲ. ಗುಂಡಿ ಬಂದಾಗಲೆಲ್ಲ ಅಯ್ಯನವರ ಭುಜ ಐತನ ಭುಜಕ್ಕೆ ಬಂದು ಬೀಳುತ್ತದೆ, ಇಳಿಜಾರಿನಲ್ಲಂತೂ ಅವರು ಅವನ ತೋಳನ್ನೇ ಹಿಡಿದುಕೊಳ್ಳುತ್ತಾರೆ. ಅವರ ಮಡಿಗೆ ಜೀಪು ಹತ್ತಲು ಬರುವುದಿಲ್ಲ, ಅದು ಅಂಗಳದಲ್ಲೇ ಕಾಯುತ್ತಿರುತ್ತದೆ.

ಐತ ಲೋಟವನ್ನು ಆಕ್ಸಲ್ಲಿನ ಅಡಿಗೆ ಇಟ್ಟ. ‘ಟಪ್’ ಎಂದಿತು.

ಸಂಜೆ ಮನೆಯಲ್ಲಿ ಈ ವಿಷಯ ಹೇಳಿದಾಗ ಹೆಂಡತಿ ಗಿರಿಜ ಮೊದಲು ನಕ್ಕಳು, ಆಮೇಲೆ ನಗಲಿಲ್ಲ.

“ಬೋಳಿಮಕ್ಳಿಗೆ ಬೇರೆ ಪಾತ್ರೆ ಸಿಗ್ಲಿಲ್ವಾ?” ಎಂದಳು. ಒಲೆಗೆ ಸೌದೆ ದೂಡುತ್ತ, “ಆದ್ರೂ ಬಾಯಿ ಮುಚ್ಕೊಂಡಿರು. ನಮ್ಮ ಕೇರೀಲಿ ಡ್ರೈವರ್ ಸೀಟಲ್ಲಿ ಕೂತವ್ನು ನೀನೊಬ್ಬನೇ. ಲೋಟದ ಆಸೆಗೆ ಸೀಟು ಕಳ್ಕಂಡ್ರೆ ಮತ್ತೆ ಗೊಬ್ಬರದ ಬುಟ್ಟಿನೇ ಗತಿ” ಎಂದಳು.

ಐತ ನೆತ್ತಿ ಸವರಿಕೊಂಡ. ಬುಟ್ಟಿ ಹೊತ್ತು ಕೂದಲು ಉದುರಿದ ಜಾಗ ಇನ್ನೂ ನುಣ್ಣಗಿತ್ತು. ಆ ಸೀಟೆಂದರೆ ಅವನಿಗೆ ಜೀವ.

ಮರುದಿನ ಬೀಗರು ಬಂದರು. ಏರಿನಲ್ಲಿ ಜೀಪು ಗೊರಗೊರ ಎಂದರೂ ಹತ್ತಿತು. ಗಂಡಿನ ತಂದೆ ಸುಬ್ಬಯ್ಯನವರು ಇಳಿಯುವಾಗ ಐತನ ಹೆಗಲ ಮೇಲೆ ಕೈಯೂರಿ, “ಒಳ್ಳೆ ಕೈ ನಿಂದು” ಎಂದರು. ಐತ ಜೀಪು ನಿಲ್ಲಿಸಿ ಲೋಟವನ್ನು ಅದರ ಅಡಿಗೆ ತಳ್ಳಿದ. ಜಗಲಿಯಲ್ಲಿ ಬೆಳ್ಳಿಯ ಲೋಟಗಳಲ್ಲಿ ಕಾಫಿ ಬಂತು, ಕೇಸರಿಬಾತ್ ಬಂತು, ಅರ್ಪಣಾ ಬಂದು ನಮಸ್ಕಾರ ಮಾಡಿ ಒಳಗೆ ಹೋದಳು. ಎಲ್ಲ ಸುಸೂತ್ರವಾಗಿತ್ತು. ಕೊನೆಗೆ ಅನ್ನಪೂರ್ಣೇಶ್ವರಿ ಕಾಫಿ ಪಾತ್ರೆ ಹಿಡಿದು ಅಂಗಳದ ಅಂಚಿಗೆ ಬಂದರು.

“ಐತ, ಲೋಟ ತಗೊಂಡು ಬಾರೋ.”

ಲೋಟವೊಂದು, ಬಾಯಿ ಎರಡು. ಐತ ಅದನ್ನು ಎಳೆದು, ಆಯಿಲನ್ನು ಬೇಲಿಯ ಬುಡಕ್ಕೆ ಚೆಲ್ಲಿ, ನಲ್ಲಿಯಡಿ ಸೋಪು ಹಾಕಿ ಉಜ್ಜಿದ, ಬೂದಿ ಹಾಕಿ ಉಜ್ಜಿದ. ಜಿಡ್ಡು ಹೋಯಿತು, ವಾಸನೆ ಹೋಗಲಿಲ್ಲ. ಅಮ್ಮ ಎಂದಿನಂತೆ ಮೇಲಿನಿಂದ ಹೊಯ್ದರು. ಕಾಫಿಯ ಮೇಲೆ ಬಣ್ಣಬಣ್ಣದ ತೆಳು ಪೊರೆ ತೇಲಿತು. ಅತ್ತ ಹೊಸ ಇಂಟರ್‌ಲಾಕ್ ಮೇಲೆ ‘ಟಪ್’ ಎಂದಿತು. ಅಮ್ಮನ ಕಣ್ಣು ಅಲ್ಲಿಗೆ ಹೋಯಿತು.

“ಬೇಗ ಕುಡ್ದು ಮತ್ತೆ ಅಲ್ಲೇ ಇಡು ಮಾರಾಯ. ನೋಡು, ಸೋರ್ತಿದೆ.”

ಅವರ ದನಿಯಲ್ಲಿ ಕೆಟ್ಟತನವೇನೂ ಇರಲಿಲ್ಲ. ಐತನಿಗೆ ಸಹಿಸಲಾಗದೆ ಹೋದದ್ದು ಅದೇ. ಲೋಟ ಹಿಡಿದು ಅವನು ನಿಧಾನವಾಗಿ ಜೀಪಿನ ಹತ್ತಿರ ಹೋದ, ಬಗ್ಗಿ, ಕಾಫಿ ತುಂಬಿದ ಲೋಟವನ್ನು ಆಕ್ಸಲ್ಲಿನ ಅಡಿಗೆ ಇಟ್ಟ.

“ಜೀಪೇ ಕುಡೀಲಿ ಬಿಡಿ ಅಮ್ಮ. ಬೆಳಗಿಂದ ದುಡಿದದ್ದು ಅದೇ. ಲೋಟನೂ ಅದರದ್ದೇ.”

ಜಗಲಿಯಲ್ಲಿ ಬೀಗರ ಕಡೆಯ ಯಾರೋ ಕಿಸಕ್ಕೆಂದರು. ಸೀತಾರಾಮಯ್ಯನವರು ಕೆಂಪಗಾಗಿ ಮೆಟ್ಟಿಲಿಳಿದು ಬಂದರು. ಬೀಗರ ಮುಂದೆ ಕೂಗುವಂತಿಲ್ಲ, ಹಲ್ಲು ಕಚ್ಚಿಕೊಂಡೇ ಬೈಯಬೇಕು.

“ಸೊಕ್ಕಾ ಹಲ್ಕಟ್ ನನ್ಮಗನೆ? ಕೀ ಕೊಡು. ನಾಳೆಯಿಂದ ಬುಟ್ಟಿ ಹೊರು.”

ಅಂಗೈ ಚಾಚಿದರು, ಆದರೂ ಅವನ ಕೈ ತಾಗದಷ್ಟು ದೂರದಲ್ಲಿ. ಕೀ ಮೇಲಿನಿಂದ ಬೀಳಬೇಕು.

ಐತ ಜೇಬಿನಿಂದ ಕೀ ತೆಗೆದ. ಸೀಟಿನ ಕಡೆ ಒಮ್ಮೆ ನೋಡಿದ. ಗಿರಿಜ ಬಯ್ಯುವ ಬೈಗುಳ ಈಗಲೇ ಕೇಳಿಸಿತು. ಮತ್ತೆ ಬಗ್ಗಿದ. ಕೀ ಕಾಫಿಯೊಳಗೆ ಬುಳಕ್ಕೆಂದು ಮುಳುಗಿತು.

“ತಗಳಿ ಅಯ್ಯ. ಲೋಟದಲ್ಲಿದೆ.”

ಅವನು ಬೇಲಿಬಾಗಿಲಿನ ದಣಪೆ ಸರಿಸಿ ಹೊರಬಿದ್ದ. ಬೀಗರು ಒಬ್ಬೊಬ್ಬರಾಗಿ ಎದ್ದು ಬಂದು ಜೀಪಿನ ಸುತ್ತ ನಿಂತು ಬಗ್ಗಿ ನೋಡಿದರು. ಸಂಜೆಯೊಳಗೆ ಅವರು ಊರು ಸೇರಬೇಕಿತ್ತು. ಕೈ ಹಾಕಲು ಒಬ್ಬರೂ ಮುಂದಾಗಲಿಲ್ಲ. ಲೋಟದೊಳಗೆ ‘ಟಪ್’ ಎಂದಿತು.

“ಐತಾ,” ಹಿಂದಿನಿಂದ ಅನ್ನಪೂರ್ಣೇಶ್ವರಿಯವರ ದನಿ ಬಂತು, ಅಭ್ಯಾಸಬಲದಿಂದ. “ಅದೊಂಚೂರು ತೆಗ್ದು ಕೊಟ್ಟು ಹೋಗೋ ಮಾರಾಯ.”

ಐತ ಏರು ಇಳಿಯುತ್ತಿದ್ದ.