ಪಿಕಪ್ಪಿನ ಹೊಟ್ಟೆ ತೊಳೆಸಿದ್ದು

ಗುಡುಗಮ್ಮನಿಗೆ ಸಿಟ್ಟು ಬರಲು ಕಾರಣವೇ ಬೇಕಿಲ್ಲ ಎಂದು ಅವಳ ಗಂಡ ಕಂಡಕಂಡವರ ಮುಂದೆ ಹೇಳಿಕೊಂಡು ತಿರುಗುತ್ತಿದ್ದ. ಶುದ್ಧ ಸುಳ್ಳು. ಕಾರಣ ಯಾವಾಗಲೂ ಇರುತ್ತಿತ್ತು. ಬಹಳ ಸಲ ಆ ಕಾರಣ ಅವಳ ಮನೆಯೊಳಗೇ ಚಾಪೆ ಹಾಸಿಕೊಂಡು ಗೊರಕೆ ಹೊಡೆಯುತ್ತಿರುತ್ತಿತ್ತು.

ಆ ಅಡ್ಡಹೆಸರು ಅವಳಿಗೆ ಅರ್ಧ ಅವಳ ಗಂಟಲಿನಿಂದ ಬಂದದ್ದು, ಇನ್ನರ್ಧ ಅವಳ ಪಿಕಪ್ಪಿನಿಂದ. ದಿಬ್ಬದ ಕೆಳಗಿನ ಐಸ್ ಫ್ಯಾಕ್ಟರಿಯಿಂದ ದಿಬ್ಬದ ಮೇಲಿನ ಮೀನು ಮಾರ್ಕೆಟ್ಟಿಗೆ ಅವಳು ಐಸ್ ಗಡ್ಡೆ ಸಾಗಿಸುತ್ತಿದ್ದಳು. ಗಾಡಿ ಏರು ಹತ್ತುವಾಗ ಆ ಬೀದಿಯ ಕಿಟಕಿ ಗಾಜುಗಳೆಲ್ಲ ಅದುರುತ್ತಿದ್ದವು. ಅವಳ ಮೊದಲ ಲೋಡಿನ ಸದ್ದಿಗೇ ಹಾಸಿಗೆ ಬಿಟ್ಟೇಳುವ ಮನೆಗಳು ಅಲ್ಲಿದ್ದವು. ಪಿಕಪ್ಪಿನ ಮೀಟರ್ ಐದು ಲಕ್ಷ ಕಿಲೋಮೀಟರಿನ ಹತ್ತಿರ ಬಂದು ಸುಸ್ತಾಗಿ ನಿಂತುಹೋಗಿತ್ತು. ಗಾಡಿ ನಿಂತಿರಲಿಲ್ಲ. ಆಮೇಲೆ ಎಷ್ಟು ಓಡಿತು ಎಂದು ಲೆಕ್ಕ ಇಟ್ಟವರು ಯಾರೂ ಇಲ್ಲ.

"ಇನ್ನೂ ಈ ಮುದಿ ಇಂಜಿನ್ನಾ?" ಎಂದು ಯಾರಾದರೂ ಬಾಯಿ ತೆರೆದರೆ ಮುಗಿಯಿತು.

"ಮುದಿಯಾದ್ರೆ ನಿಮ್ಮಪ್ಪನ ಮನೆ ಗಂಟೇನಾದ್ರೂ ಹೋಯ್ತಾ? ನಿನಗಿಂತ ಬೇಗ ಏಳುತ್ತೆ, ನಿನಗಿಂತ ಜಾಸ್ತಿ ಹೊರುತ್ತೆ, ನಿನ್ನ ಹಾಗೆ ಬೇಡದ ಮಾತಾಡಲ್ಲ!"

ಆ ಇಂಜಿನ್ನನ್ನು ಅಷ್ಟು ವರ್ಷ ನಡೆಸಿಕೊಂಡು ಬಂದದ್ದು ಅವಳು ಮತ್ತು ಅವಳ ಒಡಹುಟ್ಟಿದ ಅಣ್ಣ. ಅಣ್ಣ ಮೆಕ್ಯಾನಿಕ್. ದಿಬ್ಬದ ಬುಡದಲ್ಲೇ ಅವನದೊಂದು ತಗಡಿನ ಶೆಡ್ಡು. ಅವನು ಒಂದು ಮಾತನ್ನು ಅವಳ ಕಿವಿಯಲ್ಲಿ ಊದಿ ಊದಿ ಕೂರಿಸಿದ್ದ.

"ನೋಡು ತಂಗಿ, ಹಳೇ ಇಂಜಿನ್ನಿಗೂ ಹೊಸ ಇಂಜಿನ್ನಿಗೂ ಒಂದೇ ಮದ್ದಲ್ಲ. ಇಷ್ಟು ವರ್ಷದ ಜಿಡ್ಡು ಇದರೊಳಗೆ ಗಟ್ಟಿಯಾಗಿ ಕೂತಿದೆ. ಕೂತ ಜಾಗದಲ್ಲೇ ಕೂತಿರೋ ತನಕ ಅದರಿಂದ ತೊಂದರೆ ಇಲ್ಲ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾಯಿಸು, ಕಡಿಮೆ ಆದಷ್ಟು ಹಾಕು, ಅಷ್ಟೇ. ಒಳಗೆಲ್ಲ ತೊಳೆದು ಕೊಡ್ತೀನಿ ಅಂತ ಯಾವನಾದ್ರೂ ಔಷಧಿ ಡಬ್ಬಿ ಹಿಡ್ಕೊಂಡು ಬಂದ್ರೆ ಚಪ್ಪಲಿ ತಗೊಂಡು ಓಡಿಸು. ಎದ್ದ ಜಿಡ್ಡು ಸುಮ್ನಿರಲ್ಲ. ಆಯಿಲ್ ಎಳೆಯೋ ಬಾಯಿಗೇ ಹೋಗಿ ಅಡ್ಡ ಕೂರುತ್ತೆ. ಆಯಿಲ್ ಇಲ್ದೆ ಇಂಜಿನ್ ಕಚ್ಕೊಂಡು ಸಾಯುತ್ತೆ."

ಈ ಮಾತನ್ನು ಅವಳು ಊಟಕ್ಕೆ ಕೂತಾಗ ಗಂಡನಿಗೂ ಹೇಳಿದ್ದಳು. ಅವನು ಹೂಂ ಅಂದಿದ್ದ. ಹೂಂ ಅನ್ನಲು ಅವನಿಗೆ ಕಿವಿಯ ಸಹಾಯ ಬೇಕಿರಲಿಲ್ಲ.

ಗಂಡ ಮನೆಗಳಿಗೆ ಬಣ್ಣ ಹೊಡೆಯುವವನು. ಕೆಲಸದಲ್ಲಿ ಅವನತ್ತ ಬೊಟ್ಟು ಮಾಡಿ ತೋರಿಸುವಂತಿರಲಿಲ್ಲ. ಹಳೆಯದನ್ನು ಪೂರ್ತಿ ಕೆರೆದು, ಉಪ್ಪು ಕಾಗದದಿಂದ ಉಜ್ಜಿ, ಗೋಡೆ ನುಣ್ಣಗಾದ ಮೇಲೇ ಅವನು ಬ್ರಶ್ಶು ಮುಟ್ಟುತ್ತಿದ್ದದ್ದು. "ಹಳೇ ಕೊಳೆ ಮೇಲೆ ಹೊಸ ಬಣ್ಣ ನಿಲ್ಲಲ್ಲ" ಎಂಬುದು ಅವನ ಪಾಲಿನ ಪರಮಸತ್ಯ. ಕುಡಿತವಿಲ್ಲ, ಬಡಿತವಿಲ್ಲ, ಒಳ್ಳೆಯ ಮನುಷ್ಯ. ಇದ್ದ ರೋಗ ಒಂದೇ: ಕೇಳದೆ ಉಪಕಾರ ಮಾಡುವುದು. ಅವಳು ಅಮ್ಮನ ಮನೆಗೆ ಹೋಗಿ ಬರುವಷ್ಟರಲ್ಲಿ ಅಡುಗೆಮನೆಗೆ ಗಿಳಿಹಸಿರು ಬಣ್ಣ ಬಳಿದಿಟ್ಟಿದ್ದ. ಹಾಲು ಕಾಯಿಸಲು ನಿಂತರೆ ಹೊಟ್ಟೆ ತೊಳಸುವಂಥ ಹಸಿರು. ಅವಳ ಬೆನ್ನಿಗೆ ಒಗ್ಗಿದ್ದ ಮರದ ಕುರ್ಚಿಯನ್ನು ಗುಜರಿಗೆ ಕೊಟ್ಟು ಕೆಂಪು ಪ್ಲಾಸ್ಟಿಕ್ ಕುರ್ಚಿ ತಂದಿದ್ದ. ಅಷ್ಟೇ ಆಗಿದ್ದರೆ ಹಾಳಾಗಲಿ ಅನ್ನಬಹುದಿತ್ತು. ಮಗಳನ್ನು ನೋಡಲು ಬಂದ ಒಂದು ಸಂಬಂಧಕ್ಕೆ, ಮಗಳನ್ನೂ ಕೇಳದೆ ಇವಳನ್ನೂ ಕೇಳದೆ, ತಾನೇ ಒಪ್ಪಿಗೆ ಕೊಟ್ಟು ಬಂದಿದ್ದ. ಅದನ್ನು ಬಿಡಿಸಲು ಗುಡುಗಮ್ಮ ಅರ್ಧ ಊರಿನ ಬಾಯಿಗೆ ಬೀಳಬೇಕಾಯಿತು. ಮಗಳು ತಾನೇ ಒಪ್ಪಿದವನನ್ನು ಮದುವೆಯಾಗಿ ಹೋದದ್ದು ಆಮೇಲೆ. ಪ್ರತಿ ಸಲವೂ ಅವನದು ಒಂದೇ ರಾಗ, ಅದೂ ಮುಖ ಸಣ್ಣದು ಮಾಡಿಕೊಂಡು: "ನಿನಗೋಸ್ಕರಾನೇ ಅಲ್ವೇನೇ ಮಾಡಿದ್ದು?"

ಈ ನಡುವೆ ಐಸ್ ಫ್ಯಾಕ್ಟರಿಗೆ ಹೊಸ ಮ್ಯಾನೇಜರ್ ಬಂದ. ಬಂದವನ ಕಣ್ಣು ಮೊದಲು ಬಿದ್ದದ್ದು ಅವಳ ಪಿಕಪ್ಪು ಬೆಳಗಿನ ಹೊತ್ತು ಬಿಡುವ ನೀಲಿ ಹೊಗೆಯ ಮೇಲೆ. ಲೋಡು ಮಾಡುವವರೆಲ್ಲ ಕೊಕ್ಕೆ ಹಿಡಿದು ನಿಂತಿರುವಾಗಲೇ ಅಂದ:

"ಅಮ್ಮಾ, ಈ ಗಾಡೀನ ಮ್ಯೂಸಿಯಮ್ಮಿಗೆ ಕೊಡಿ. ಟಿಕೆಟ್ ಇಟ್ಟು ತೋರಿಸ್ತಾರೆ."

ಒಂದಿಬ್ಬರು ನಕ್ಕರು. ಗುಡುಗಮ್ಮ ಬಾಗಿಲು ಧಡಾರನೆ ಹಾಕಿ ಇಳಿದಳು.

"ನಿಮ್ಮ ಐಸು ಯಾವತ್ತಾದ್ರೂ ಕರಗಿ ಹೋಗಿದ್ಯಾ ನನ್ನ ಗಾಡೀಲಿ? ಯಾವತ್ತಾದ್ರೂ ಮಾರ್ಕೆಟ್ಟಿನವರು ದೂರು ಹೇಳಿದಾರಾ? ಹೊಗೆ ನೋಡಿ ಗಾಡಿ ಅಳೀಬೇಡಿ, ಕೆಲಸ ನೋಡಿ!"

"ನೋಡೋಣ," ಎಂದ ಅವನು, ಸಿಟ್ಟಿಲ್ಲದೆ. "ಈ ವಾರ ಪೂರ್ತಿ ನೋಡ್ತೀನಿ. ಒಂದೇ ಒಂದು ಲೋಡು ದಾರೀಲಿ ನಿಂತ್ರೂ ಮಾರನೇ ದಿನದಿಂದ ಬರಬೇಡಿ. ಹೊಸ ಗಾಡಿಯವರು ಗೇಟಿನ ಹತ್ರ ಕಾಯ್ತಿದಾರೆ."

ಮನೆಗೆ ಬಂದು ಊಟ ಬಡಿಸುತ್ತಾ ಇದನ್ನೆಲ್ಲ ಹೇಳಿದಳು. ಗಂಡ ತಟ್ಟೆಯ ಮುಂದೆ ಕೂತವನು ತುತ್ತು ಎತ್ತಲೇ ಇಲ್ಲ. "ನನ್ನ ಹೆಂಡತಿಗೆ ಹಂಗಂದ್ನಾ ಅವನು?" ಎಂದು ಮತ್ತೆ ಮತ್ತೆ ಅಂದ. ಇವನಿಗೂ ಒಮ್ಮೊಮ್ಮೆ ರೋಷ ಬರುತ್ತದಲ್ಲ ಎಂದು ಅವಳಿಗೆ ಒಳಗೊಳಗೇ ಹಿತವಾಯಿತು. ಆ ಹಿತವೇ ಅವಳನ್ನು ಕೆಡಿಸಿತು.

ವಾರದ ಕೊನೆಯ ದಿನ ಅವಳು ಕೀಲಿ ಹಿಡಿದು ಹೊರಗೆ ಬಂದಾಗ ಗಂಡ ಪಿಕಪ್ಪಿನ ಪಕ್ಕ ಬಟ್ಟೆ ಚೂರು ಹಿಡಿದು ನಿಂತಿದ್ದ.

"ಆಯಿಲ್ ನಾನೇ ನೋಡಿದೀನಿ ಕಣೇ. ಸರಿಯಾಗಿದೆ. ಹೊರಡು, ಹೊತ್ತಾಗುತ್ತೆ."

ಆಯಿಲ್ ನೋಡುವ ಕಡ್ಡಿಯನ್ನು ಅವಳಲ್ಲದೆ ಇನ್ನೊಬ್ಬರು ಮುಟ್ಟಿದ್ದಿಲ್ಲ. ಜ್ವರ ಬಂದ ದಿನವೂ ತಾನೇ ಎಳೆದು, ಒರೆಸಿ, ಮತ್ತೆ ಅದ್ದಿ ನೋಡಿಯೇ ಕೀಲಿ ತಿರುಗಿಸುವವಳು. ಅವತ್ತು ನಂಬಿದಳು. ಕೀಲಿ ತಿರುಗಿಸಿದರೆ ಇಂಜಿನ್ ಒಂದೇ ಏಟಿಗೆ ಎದ್ದಿತು. ಹೊಗೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅವಳು ಡ್ಯಾಶ್‌ಬೋರ್ಡ್ ತಟ್ಟಿದಳು. "ಮಾನ ಉಳಿಸ್ತೀಯ ಕಣೋ ಬಂಗಾರ ಇವತ್ತು!"

ಫ್ಯಾಕ್ಟರಿಯಲ್ಲಿ ಐಸ್ ತುಂಬಿಸಿ, ಮೇಲೆ ಗೋಣಿ ಮುಚ್ಚಿಸಿ ಏರು ಹತ್ತಿದಳು. ಮ್ಯಾನೇಜರ್ ತನ್ನ ಕಾರಿನಲ್ಲಿ ಹಿಂದೆಯೇ ಬಂದ. ಬರಲಿ, ಕಣ್ಣು ತುಂಬ ನೋಡಲಿ ಎಂದು ಅವಳು ಬೀಗಿದಳು. ಒಂದು ತಿರುವು ದಾಟಿತು. ಎರಡನೆಯದು ಅರ್ಧ ದಾಟುವಷ್ಟರಲ್ಲಿ ಆಯಿಲ್ಲಿನ ಕೆಂಪು ದೀಪ ಹೊತ್ತಿಕೊಂಡಿತು. ಹಿಂದೆಯೇ ಇಂಜಿನ್ನಿನ ಒಳಗಿನಿಂದ ಕಟಕಟ ಸದ್ದು.

ಇನ್ನೊಂದೇ ತಿರುವು, ಆಮೇಲೆ ಮಾರ್ಕೆಟ್ಟಿನ ಗೇಟು. ಕಾಲು ಒತ್ತಿ ಹಿಡಿದರೆ ತಲುಪಲೂಬಹುದು, ಕೆಲಸ ಉಳಿಯಲೂಬಹುದು. ಆದರೆ ಆ ಕಟಕಟ ಏನೆಂದು ಅವಳಿಗೆ ಗೊತ್ತಿತ್ತು. ಲೋಹದ ಮೇಲೆ ಲೋಹ ಉಜ್ಜುವ ಸದ್ದು ಅದು. ಕೆಲಸ ಹೋದರೆ ಇಂಜಿನ್ ಇರುತ್ತದೆ, ಇನ್ನೊಂದು ಕೆಲಸ ಹುಡುಕಬಹುದು. ಇಂಜಿನ್ ಹೋದರೆ ಎರಡೂ ಹೋದ ಹಾಗೆ. ಗಾಡಿಯನ್ನು ಚರಂಡಿಯ ಕಡೆ ಎಳೆದು ಕೀಲಿ ತಿರುಗಿಸಿ ಆರಿಸಿಬಿಟ್ಟಳು. ಹ್ಯಾಂಡ್ ಬ್ರೇಕ್ ಎಳೆದು, ಇಳಿದು ಚಕ್ರಕ್ಕೆ ಕಲ್ಲು ಕೊಟ್ಟಳು. ಅಳು ಬಂತು. ಅದನ್ನು ನುಂಗಿದಳು.

ಹಿಂದೆ ಸಾಲುಗಟ್ಟಿದ ಗಾಡಿಗಳು ಹಾರ್ನು ಬಾರಿಸತೊಡಗಿದವು. ಬಸ್ಸಿನ ಡ್ರೈವರ್ ತಲೆ ಹೊರಗೆ ಹಾಕಿದ. "ಅಮ್ಮಾ, ಗಾಡಿ ತೆಗೀರಿ!"

"ತೆಗೆಯೋಕಾಗಿದ್ರೆ ನಿನ್ನ ಮುಖ ನೋಡ್ಕೊಂಡು ನಿಂತಿರ್ತಿದ್ನೇನಪ್ಪಾ? ಅಷ್ಟು ಅವಸರ ಇದ್ರೆ ಇಳಿದು ಬಂದು ತಳ್ಳು!"

ಮ್ಯಾನೇಜರ್ ಮಾತ್ರ ಹಾರ್ನು ಬಾರಿಸಲಿಲ್ಲ. ಕಾರಿನಿಂದ ಇಳಿದು, ಗೋಣಿಯ ಕೆಳಗಿನಿಂದ ತೊಟ್ಟಿಕ್ಕುವ ನೀರು ನೋಡಿ, "ಹಳೇ ಗಾಡಿ ಅಂದಿದ್ದೆ ಅಲ್ವಾ ಅಮ್ಮಾ?" ಎಂದು ಫೋನು ತೆಗೆದ. ಹುಟ್ಟಿದಾಗಿನಿಂದ ಮಾತಿಗೆ ಸೋಲದ ಗುಡುಗಮ್ಮನ ಬಾಯಲ್ಲಿ ಒಂದು ಮಾತೂ ಹುಟ್ಟಲಿಲ್ಲ. ಅವಳಿಗೆ ಎಲ್ಲಕ್ಕಿಂತ ಉರಿದದ್ದು ಅದು. ಹೊಳೆಯುವ ಎರಡು ಬಿಳಿ ಪಿಕಪ್ಪುಗಳು ಬಂದು ಅವಳ ಕಣ್ಣೆದುರೇ ಐಸ್ ಹೊತ್ತುಕೊಂಡು ಹೋದವು. ಲೋಡಿನವರು ತಲೆ ಎತ್ತಿ ಅವಳನ್ನು ನೋಡಲಿಲ್ಲ.

ಮರಳು ಲಾರಿಯವನೊಬ್ಬ ಹಗ್ಗ ಕಟ್ಟಿ ಪಿಕಪ್ಪನ್ನು ಅಣ್ಣನ ಶೆಡ್ಡಿಗೆ ಎಳೆದು ತಂದುಕೊಟ್ಟ. ಅಣ್ಣ ಗಾಡಿಯ ಕೆಳಗೆ ತೂರಿ ಆಯಿಲ್ ಇಳಿಸಿದ. ಬೋಗುಣಿಯಲ್ಲಿ ಬೆರಳದ್ದಿ ಉಜ್ಜಿ ನೋಡಿದ.

"ಇದು ಹೊಸ ಆಯಿಲ್ಲು. ಯಾವಾಗ ಬದಲಾಯಿಸ್ದೆ?"

"ನಾನೆಲ್ಲಿ ಬದಲಾಯಿಸ್ದೆ? ಅದಕ್ಕಿನ್ನೂ ದಿನ ಇದೆ."

ಅಣ್ಣ ಇಂಜಿನ್ನಿನ ತಳ ಬಿಚ್ಚಿದ. ಆಯಿಲ್ ಎಳೆಯುವ ಬಾಯಿಯ ಜಾಲರಿಯನ್ನು ಕೈಯಲ್ಲಿ ಹಿಡಿದು ಬೆಳಕಿಗೆ ಬಂದ. ಟೀ ಸೋಸಿದ ಮೇಲೆ ಚರಟ ಕಟ್ಟಿಕೊಳ್ಳುವ ಹಾಗೆ ಅದಕ್ಕೆ ಕಪ್ಪು ಜಿಡ್ಡು ಮೆತ್ತಿಕೊಂಡಿತ್ತು.

"ತಂಗೀ, ಇದರ ಹೊಟ್ಟೆ ಯಾರೋ ತೊಳೆದಿದಾರೆ."

ಸರಿಯಾಗಿ ಆಗಲೇ ಗಂಡ ಓಡಿ ಬಂದ. ಅಂಗಿಯ ಮೇಲೆ ಸುಣ್ಣದ ಚುಕ್ಕೆ, ಕಾಲಲ್ಲಿ ಚಪ್ಪಲಿ ಇಲ್ಲ. ಯಾರೋ ಸುದ್ದಿ ಮುಟ್ಟಿಸಿದ್ದರು. ಅಣ್ಣನ ಕೈಯಲ್ಲಿದ್ದ ಜಾಲರಿ ನೋಡಿದ, ಹೆಂಡತಿಯ ಮುಖ ನೋಡಿದ. ಅವಳು ಕೇಳುವ ಮೊದಲೇ ಅವನ ಮುಖ ಸಣ್ಣದಾಯಿತು.

"ನಿನ್ನೆ ಮಧ್ಯಾಹ್ನ ನೀನು ಮಗಳ ಮನೆಗೆ ಹೋಗಿದ್ಯಲ್ಲ, ಆವಾಗ... ಸರ್ವೀಸಿನವನು ಔಷಧಿ ಹಾಕಿ ತೊಳೆದು ಹೊಸ ಆಯಿಲ್ ತುಂಬಿಸ್ಕೊಟ್ಟ. ಹೊಗೆ ನಿಂತ್ರೆ ಆ ಮ್ಯಾನೇಜರ್ ಬಾಯೂ ನಿಲ್ಲುತ್ತೆ ಅಂದ್ಕೊಂಡೆ. ಹಳೇ ಕೊಳೆ ಇಟ್ಕೊಂಡು ಹೇಗೇ... ನಿನಗೋಸ್ಕರಾನೇ ಅಲ್ವೇ—"

"ಮುಚ್ಚಿ ಬಾಯಿ!"

ಶೆಡ್ಡಿನ ತಗಡು ಅದುರಿತು. ರಸ್ತೆಯಲ್ಲಿ ಹೋಗುತ್ತಿದ್ದವರೂ ನಿಂತರು.

"ನನಗೋಸ್ಕರ! ಹಸಿರು ಗೋಡೆ ನನಗೋಸ್ಕರ, ಪ್ಲಾಸ್ಟಿಕ್ ಕುರ್ಚಿ ನನಗೋಸ್ಕರ, ಮಗಳನ್ನ ಹಾಳು ಬಾವಿಗೆ ತಳ್ಳೋಕೆ ಹೋಗಿದ್ದು ನನಗೋಸ್ಕರ! ನಾನಿಲ್ಲೇ ಇದೀನಲ್ಲ ರೀ? ಸತ್ತಿಲ್ಲವಲ್ಲ? ಒಂದ್ಸಲ, ಒಂದೇ ಒಂದ್ಸಲ, 'ಹೀಗೆ ಮಾಡ್ಲಾ?' ಅಂತ ನನ್ನನ್ನ ಕೇಳಿದ್ರೆ ನಿಮ್ಮ ನಾಲಿಗೆ ಸವೀತಿತ್ತಾ? ಇದೇನು ಗೋಡೆನಾ ಕೆರೆಯೋಕೆ? ಊಟಕ್ಕೆ ಕೂತಾಗ ಬಾಯಿ ನೋಯೋ ಹಾಗೆ ಹೇಳಿದ್ನಲ್ಲ, ಹೂಂ ಅಂದ್ರಲ್ಲ! ಆ ಹೂಂನ ಯಾವ ಚರಂಡಿಗೆ ಹಾಕಿದ್ರಿ? ಐದು ಲಕ್ಷ ಓಡಿದ್ರೂ ಇದು ನನ್ನ ಕೈ ಬಿಡ್ಲಿಲ್ಲ. ನೀವು ಒಂದೇ ಮಧ್ಯಾಹ್ನದಲ್ಲಿ ಮುಗಿಸಿಬಿಟ್ರಿ!"

ಅಣ್ಣ ಬೇರಿಂಗುಗಳನ್ನು ಬಿಚ್ಚಿ ನೋಡಿ, ಗೀರು ಬಿದ್ದಿದೆ, ಸುಟ್ಟಿಲ್ಲ, ಅವಳು ಅಲ್ಲೇ ಆರಿಸಿದ್ದಕ್ಕೆ ಬದುಕಿತು ಎಂದ. ಆ ಮಾತು ಹಿಡಿದು ಗಂಡ ಮೆಲ್ಲಗೆ, "ಹೋಗ್ಲಿ ಬಿಡು, ಹೇಗೋ ಉಳೀತಲ್ಲ," ಎಂದುಬಿಟ್ಟ.

"ಹೇಗೋ ಉಳೀಲಿಲ್ಲ! ನಾನು ಉಳಿಸಿದೆ! ನನ್ನ ಕೆಲಸ ಕೊಟ್ಟು ಉಳಿಸಿದೆ!"

ಅವನ ಕಣ್ಣು ತುಂಬಿತು. "ಆ ಮ್ಯಾನೇಜರ್ ಹತ್ರ ಈಗಲೇ ಹೋಗಿ, ತಪ್ಪು ನನ್ನದು, ಅವಳದಲ್ಲ ಅಂತ ಕೈ ಮುಗಿದು ಬರ್ತೀನಿ," ಎಂದು ಹೊರಟೇಬಿಟ್ಟ.

"ನಿಂತ್ಕೊಳ್ಳಿ ಅಲ್ಲೇ!" ಗುಡುಗಮ್ಮನ ದನಿ ಈ ಸಲ ಜೋರಾಗಿರಲಿಲ್ಲ, ಅದಕ್ಕೇ ಅವನು ನಿಂತ. "ನೋಡಿ, ಮತ್ತೆ ಹೊರಟ್ರಿ. ಕೇಳಿದ್ರಾ ನನ್ನನ್ನ?"

ಎತ್ತಿದ ಕಾಲನ್ನು ಅವನು ಹಿಂದಕ್ಕಿಟ್ಟ. ಅಣ್ಣ ತಲೆ ತಗ್ಗಿಸಿ ಜಾಲರಿ ಉಜ್ಜುತ್ತಿದ್ದ.

ಅಣ್ಣ ಎಲ್ಲ ಜೋಡಿಸಿ ಮುಗಿಸಿದಾಗ ಬಿಸಿಲು ಇಳಿದಿತ್ತು. ಕಡ್ಡಿಯನ್ನು ಅವಳೇ ಎಳೆದು, ಒರೆಸಿ, ಅದ್ದಿ ನೋಡಿದಳು. ಕೀಲಿ ತಿರುಗಿಸಿದಳು. ಕೆಂಪು ದೀಪ ಹೊತ್ತಿತು, ಆರಿತು. ಇಂಜಿನ್ ಗುಡುಗಿತು, ಹಿಂದಿನಿಂದ ಎಂದಿನ ಹಾಗೆ ಒಂದಿಷ್ಟು ನೀಲಿ ಹೊಗೆ ಹೊರಟಿತು. ಆ ಹೊಗೆ ನೋಡಿ ಅವಳಿಗೆ ಸಮಾಧಾನವಾಯಿತು. ನಾಳೆಯಿಂದ ಐಸ್ ಇಲ್ಲ. ತರಕಾರಿ ಮಂಡಿಯಲ್ಲೋ, ಇಟ್ಟಿಗೆ ಗೂಡಿನಲ್ಲೋ ಹೋಗಿ ಕೇಳಬೇಕು. ಇಂಜಿನ್ ಇತ್ತು, ಕೇಳಲು ಬಾಯಿಯೂ ಇತ್ತು.

ಗಂಡ ಪಕ್ಕದ ಬಾಗಿಲ ಹಿಡಿಕೆಗೆ ಕೈ ಹಾಕಿದ.

"ಹಿಂದೆ ಕೂತ್ಕೊಳ್ಳಿ," ಎಂದಳು.

ಅವನು ಹಿಂದೆ ಹತ್ತಿದ. ಅಲ್ಲಿ ಕರಗಿದ ಐಸಿನ ನೀರು ನಿಂತಿತ್ತು. ಒದ್ದೆ ಗೋಣಿಗಳು ಒಂದು ಮೂಲೆಯಲ್ಲಿ ಬಿದ್ದಿದ್ದವು, ಒಂದೇ ಒಂದು ಒಣಗಿದ ಗೋಣಿ ಕಂಬಿಗೆ ನೇತಾಡುತ್ತಿತ್ತು. ಗಾಡಿ ರಸ್ತೆಗಿಳಿದು ಸ್ವಲ್ಪ ದೂರ ಹೋದ ಮೇಲೆ ಹಿಂದಿನ ಗಾಜಿಗೆ ಟಕ್ ಟಕ್ ಎಂದು ಬಡಿದ ಸದ್ದು ಕೇಳಿಸಿತು. ಅವಳ ಸಿಟ್ಟು ಇನ್ನೂ ಒಂದಿಷ್ಟೂ ಇಳಿದಿರಲಿಲ್ಲ. ಗಾಡಿ ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿ ಕಿರುಚಿದಳು.

"ಏನ್ರೀ ಅದು?"

ಅವನು ನೀರಿನಲ್ಲಿ ನಿಂತು ಕಂಬಿ ಹಿಡಿದುಕೊಂಡಿದ್ದ. ತುಳುಕಿದ ನೀರಿಗೆ ಪ್ಯಾಂಟು ಮೊಳಕಾಲಿನವರೆಗೆ ತೊಯ್ದಿತ್ತು.

"ಆ ಒಣ ಗೋಣಿ... ಕೆಳಗೆ ಹಾಕ್ಕೊಂಡು ಕೂತ್ಕೊಳ್ಲಾ?"

ಗುಡುಗಮ್ಮ ಅವನನ್ನೇ ದುರುಗುಟ್ಟಿ ನೋಡಿದಳು. ಇಷ್ಟು ವರ್ಷದ ಸಂಸಾರದಲ್ಲಿ ಅವನು ಅವಳನ್ನು ಕೇಳಿದ್ದು ಇದೇ ಮೊದಲು. ಅದೂ ಒಂದು ಗೋಣಿಗೆ.

"ಹಾಕ್ಕೊಳ್ಳಿ," ಎಂದು ಗೇರು ಹಾಕಿದಳು.