ತಿಳಿಯಾಗದ ನೀರು

ನೀರು ಸರಬರಾಜು ಕಚೇರಿಯಲ್ಲಿ ದೂರಿನ ಫೋನಿನ ಮುಂದೆ ಕೂತವಳಿಗೆ ಲೋಕದಲ್ಲಿ ಎರಡೇ ಜಾತಿಯ ಜನ ಕಾಣುತ್ತಾರೆ: ನೀರು ಬರಲಿಲ್ಲ ಎನ್ನುವವರು, ಬಂದ ನೀರು ಸರಿಯಿಲ್ಲ ಎನ್ನುವವರು. ಅವತ್ತು ಬೆಳಿಗ್ಗೆಯೆಲ್ಲ ಮೊದಲನೆಯವರ ಸರದಿ. ದೊಡ್ಡ ಕೊಳವೆಯ ರಿಪೇರಿಗೆಂದು ಅರ್ಧ ಊರಿಗೆ ನೀರು ನಿಲ್ಲಿಸಿದ್ದರು. ಮಧ್ಯಾಹ್ನ ನೀರು ಬಿಟ್ಟದ್ದೇ ತಡ, ಎರಡನೆಯವರು ಶುರು ಹಚ್ಚಿಕೊಂಡರು.

"ಮೇಡಂ, ನಲ್ಲೀಲಿ ಹಾಲಿನ ಹಾಗೆ ಬೆಳ್ಳಗೆ ಬರ್ತಿದೆ."

ಇದರ ಉತ್ತರ ಅವಳಿಗೆ ಬಾಯಿಪಾಠ. ಖಾಲಿ ಕೊಳವೆಗೆ ನೀರು ನುಗ್ಗುವಾಗ ಗಾಳಿ ಬೆರೆತು ಬೆಳ್ಳಗಾಗುತ್ತದೆ. ಗಾಜಿನ ಲೋಟದಲ್ಲಿ ಹಿಡಿದಿಟ್ಟರೆ ತಳದಿಂದ ಮೇಲಕ್ಕೆ ತಿಳಿಯಾಗುತ್ತ ಬರುತ್ತದೆ. ಹಾಗೆ ತಿಳಿಯಾದರೆ ಕುಡಿಯಬಹುದು, ಆಗದಿದ್ದರೆ ಮುಟ್ಟಬಾರದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಷ್ಟನ್ನೂ ಬಿಡಿಸಿ ಬಿಡಿಸಿ ಹೇಳುತ್ತಿದ್ದಳು. ಮನೆಯಲ್ಲಿ ಅತ್ತೆಗೂ ಲೋಟ ಹಿಡಿದು ತೋರಿಸಿದ್ದಳು. ಆದರೆ ಒಂದೇ ಮಾತನ್ನು ವರ್ಷಗಟ್ಟಲೆ ಹೇಳುತ್ತಿದ್ದರೆ ಅದು ಬಚ್ಚಲಿನ ಸಾಬೂನಿನ ಹಾಗೆ ಸವೆಯುತ್ತದೆ. ಈಗ ಉಳಿದಿದ್ದು ಒಂದು ಚೂರು ಮಾತ್ರ.

"ಅದು ಬರೀ ಗಾಳಿ. ಏನೂ ಆಗಲ್ಲ, ಕುಡೀರಿ."

ವಯಸ್ಸಾದವರೊಬ್ಬರು ಮಾತ್ರ ಸುಲಭಕ್ಕೆ ಬಿಡಲಿಲ್ಲ. "ಗಾಳಿ ಆದ್ರೆ ಸರಿಯಮ್ಮ, ಆದ್ರೆ ಸ್ವಲ್ಪ ಒಂಥರಾ..." ಎಂದು ಎಳೆದರು. ಪಕ್ಕದ ಲೈನು ಕೂಗುತ್ತಿತ್ತು. "ಗಾಳಿನೇ ಯಜಮಾನ್ರೇ. ಏನೂ ಆಗಲ್ಲ, ಕುಡೀರಿ," ಎಂದು ಅವಳು ಫೋನಿಟ್ಟಳು. ಯಾವ ಬೀದಿಯವರೆಂದೂ ಕೇಳಲಿಲ್ಲ. ಉತ್ತರ ಎಲ್ಲ ಬೀದಿಗೂ ಒಂದೇ ತಾನೆ.

ಸ್ವಲ್ಪ ಹೊತ್ತಿಗೆ ಬಂದ ದನಿ ಮಾತ್ರ ಗುರುತಿನದು. ಅವಳ ಮನೆಗೆ ಅಂಟಿಕೊಂಡಂತಿರುವ ಹೊಲಿಗೆ ಅಂಗಡಿಯವಳು.

"ನೀನೇ ಸಿಕ್ಕಿದ್ಯಲ್ಲ, ಒಳ್ಳೇದಾಯ್ತು. ನೀರು ಹಿಡಿದಿಟ್ಟು ಒಂದು ರವಿಕೆ ಹೊಲಿದು ಮುಗಿಸ್ದೆ ಕಣೇ, ಇನ್ನೂ ಬೆಳ್ಳಗೇ ಇದೆ. ಮೂಗಿನ ಹತ್ರ ಹಿಡಿದ್ರೆ ಗಿಡಕ್ಕೆ ಹೊಡೆಯೋ ಔಷಧಿ ವಾಸನೆ."

ಬೆಳಿಗ್ಗೆ ಮನೆಯಂಗಳದಲ್ಲಿ ಕಂಡದ್ದು ಅವಳಿಗೆ ನೆನಪಾಯಿತು.

ಮಾವನ ಗುಲಾಬಿ ಗಿಡಗಳಿಗೆ ಹುಳ ಬಿದ್ದಿತ್ತು. ಕಾಂಪೌಂಡಿನ ನಲ್ಲಿಗೆ ಪೈಪು ಸಿಕ್ಕಿಸಿ, ಡ್ರಮ್ಮಿಗೆ ನೀರು ಬಿಟ್ಟು, ಅದರಲ್ಲೇ ಹಾಲಿನಂತೆ ಬೆಳ್ಳಗಾಗುವ ಹುಳದ ಔಷಧಿ ಕದಡುವುದು ಅವರ ಪದ್ಧತಿ. ಪೈಪಿನ ಬಾಯನ್ನು ಡ್ರಮ್ಮಿನ ತಳಕ್ಕೆ ಮುಳುಗಿಸುತ್ತಿದ್ದರು. ಮೇಲಿಂದ ಬಿಟ್ಟರೆ ನೀರು ಧೋ ಎಂದು ಸುರಿದು ಕೂಸಿನ ನಿದ್ದೆ ಕೆಡುತ್ತದಲ್ಲ, ಅದಕ್ಕೆ. ಆ ಮನೆಯಲ್ಲಿ ಎಲ್ಲವೂ ಕೂಸಿನ ನಿದ್ದೆಯ ಸುತ್ತಲೇ ತಿರುಗುತ್ತಿತ್ತು. ಅವತ್ತೂ ಅವಳು ಕೆಲಸಕ್ಕೆ ಹೊರಟಾಗ ಔಷಧಿ ಸುರಿದಾಗಿತ್ತು. ಅಷ್ಟರಲ್ಲಿ ನೀರು ನಿಂತಿತು. "ಬಂದಾಗ ತಾನೇ ತುಂಬುತ್ತೆ," ಎಂದು ಮಾವ ನಲ್ಲಿಯನ್ನು ತೆರೆದೇ ಬಿಟ್ಟು ತಿರುಗಾಟಕ್ಕೆ ಹೋದರು.

ಅವಳು ಅದನ್ನು ನೋಡಿದ್ದಳು. ನೀರು ನಿಂತು ಕೊಳವೆ ಖಾಲಿಯಾಗುವಾಗ, ಮುಳುಗಿದ ಪೈಪಿನಿಂದ ಡ್ರಮ್ಮಿನಲ್ಲಿರುವುದನ್ನೆಲ್ಲ ಹಿಂದಕ್ಕೆ ಹೀರಿಕೊಳ್ಳುತ್ತದೆ ಎಂದು ಕಚೇರಿಯ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಹೇಳೋಣವೆಂದು ಬಾಯಿವರೆಗೂ ಬಂದಿತ್ತು. ಹೇಳಿದರೆ ಮಾವ ಮುಖ ಊದಿಸಿಕೊಳ್ಳುತ್ತಾರೆ, ಬಸ್ಸಿಗೂ ಹೊತ್ತಾಗಿತ್ತು. ದೀಪದ ಬುಡದಲ್ಲೇ ಕತ್ತಲು ಅಂತಾರಲ್ಲ, ಆ ಕತ್ತಲನ್ನು ಅವಳು ಕಣ್ಣಾರೆ ಕಂಡು, ಗೇಟು ಹಾಕಿಕೊಂಡು ಬಂದಿದ್ದಳು.

ಈಗ ಕೂಸಿಗೆ ಹಾಲು ಕಲಸುವ ಹೊತ್ತು. ಡಬ್ಬಿಯ ಪುಡಿಗೆ ನಲ್ಲಿಯ ನೀರು.

ಹೊಲಿಗೆಯವಳನ್ನೇ ಮನೆಗೆ ಓಡಿಸೋಣವೆಂದರೆ ಲೈನು ಆಗಲೇ ಕಡಿದಿತ್ತು, ತಿರುಗಿ ಮಾಡಿದರೆ ಸಿಗಲಿಲ್ಲ. ಮನೆಗೆ ಫೋನು ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಸದ್ದಿಗೆ ಕೂಸು ಏಳುತ್ತದೆಂದು ಅತ್ತೆ ಫೋನನ್ನು ದಿಂಬಿನಡಿ ಇಟ್ಟಿರುತ್ತಾರೆ. ಎದ್ದು ಇಂಜಿನಿಯರರ ಕೋಣೆಗೆ ನುಗ್ಗಿದಳು.

"ಸರ್, ನಮ್ಮ ಬೀದಿ ವಾಲ್ವ್ ಮುಚ್ಚಿಸಿ. ನೀರಿಗೆ ಹುಳದ ಔಷಧಿ ಸೇರಿದೆ."

"ಯಾರು ಹೇಳಿದ್ದು? ರಿಪೇರಿ ಆದ್ಮೇಲೆ ಬೆಳ್ಳಗೆ ಬರೋದು ಇದ್ದಿದ್ದೇ ಅಲ್ವೇನಮ್ಮ."

"ಇದು ತಿಳಿಯಾಗ್ತಿಲ್ಲ ಸರ್. ಎಲ್ಲಿಂದ ಸೇರಿದ್ದು ಅಂತಾನೂ ಗೊತ್ತು. ನಮ್ಮ ಮನೆಯಿಂದ್ಲೇ."

ಅವರು ಕನ್ನಡಕ ತೆಗೆದು ಅವಳನ್ನು ನೋಡಿದರು. ಆಮೇಲೆ ಫೋನೆತ್ತಿ, ನಲ್ಲಿ ನೀರು ಮುಟ್ಟಬೇಡಿ ಎಂದು ಬೀದಿಯಲ್ಲಿ ಮೈಕು ಕೂಗಿಸಲು ಹೇಳಿ, ವಾಲ್ವಿನವನನ್ನು ಕರೆದರು. ಅವನ ಬೈಕಿನ ಹಿಂದೆ ಅವಳೂ ಕೂತಳು.

ದಾರಿಯುದ್ದಕ್ಕೂ ಮನೆಗೆ ಫೋನು ಮಾಡುತ್ತಲೇ ಇದ್ದಳು. ವಾಲ್ವಿನವನು ಸಮಾಧಾನಕ್ಕೆ ಏನೋ ಹೇಳುತ್ತಿದ್ದ, ಅವಳಿಗೆ ಕೇಳಲಿಲ್ಲ. ಗೇಟಿನ ಹತ್ತಿರ ಬಂದಾಗ ಕೂಸು ಕಿಟಾರನೆ ಅಳುವುದು ಕೇಳಿಸಿತು. ಹೊಟ್ಟೆನೋವಿನ ಅಳುವೋ ಹಸಿವಿನ ಅಳುವೋ, ಹೆತ್ತವಳಿಗೇ ಗೊತ್ತಾಗಲಿಲ್ಲ. ಚಪ್ಪಲಿ ಸಮೇತ ಒಳಗೆ ಓಡಿದಳು.

ಅಡುಗೆಮನೆಯಲ್ಲಿ ಅತ್ತೆ ಒಂದು ಕೈಯಲ್ಲಿ ಕೂಸನ್ನು ಕುಣಿಸುತ್ತ, ಕಟ್ಟೆಯ ಮೇಲಿದ್ದ ಗಾಜಿನ ಲೋಟವನ್ನೇ ದುರುಗುಟ್ಟಿಕೊಂಡು ನಿಂತಿದ್ದರು. ಪಕ್ಕದಲ್ಲಿ ಹಾಲಿನ ಬಾಟಲಿ.

"ಕುಡಿಸಿದ್ರಾ ಅತ್ತೆ?"

"ಎಲ್ಲಿ ಕುಡಿಸೋದು? ತಳದಿಂದ ತಿಳಿಯಾಗೋ ತನಕ ಮುಟ್ಟಬೇಡಿ ಅಂತ ನೀನೇ ತಾನೆ ಪಾಠ ಮಾಡಿದ್ದು? ಆಗ್ಲಿಂದ ಕಾಯ್ತಿದೀನಿ. ನಿಮ್ಮ ಆಫೀಸಿನ ಗಾಳಿ ನಿಮ್ಮ ಮಾವನಿಗಿಂತ ಹಟಮಾರಿ."

ಬಾಟಲಿ ಒಣಗಿಯೇ ಇತ್ತು. ಅವಳು ಕೂಸನ್ನು ಕಿತ್ತುಕೊಂಡು ಎದೆಗೊತ್ತಿಕೊಂಡಳು. ಹೋದ ಜೀವ ಬಂದಂತಾಯಿತು. ನಗುವೂ ಅಳುವೂ ಒಟ್ಟಿಗೇ ಬಂದವು. ಅತ್ತೆ ಇವಳಿಗೇನಾಯಿತೆಂದು ಬಾಯಿಬಿಟ್ಟು ನೋಡುತ್ತಿದ್ದರು.

ಬೀದಿಯ ವಾಲ್ವ್ ಮುಚ್ಚಿ ಬಂದ ವಾಲ್ವಿನವನು ಹೊರಗಿನಿಂದ ಕೂಗಿದ. "ಮೇಡಂ, ಬೇಗ ಬನ್ನಿ. ಎದುರು ಮನೆಯವರು ವಾಂತಿ ಮಾಡ್ಕೋತಿದಾರೆ."

ಕೂಸನ್ನು ಅತ್ತೆಯ ಕೈಗಿಟ್ಟು, ಡ್ರಮ್ಮಿನ ಪಕ್ಕದಲ್ಲಿದ್ದ ಔಷಧಿ ಬಾಟಲಿಯನ್ನು ಡಾಕ್ಟರಿಗೆ ತೋರಿಸಲೆಂದು ಎತ್ತಿಕೊಂಡು ಓಡಿದಳು. ಎದುರು ಮನೆಯ ಮೆಟ್ಟಿಲ ಮೇಲೆ, ಹೋದ ತಿಂಗಳಷ್ಟೇ ಬಾಡಿಗೆಗೆ ಬಂದಿದ್ದ ನಿವೃತ್ತ ಪೋಸ್ಟ್‌ಮ್ಯಾನ್ ಕೂತಿದ್ದರು. ಮುಖ ಬಿಳಿಚಿತ್ತು, ಹಣೆಯಿಂದ ಬೆವರು ಇಳಿಯುತ್ತಿತ್ತು. ವಾಲ್ವಿನವನು ಆಟೋ ನಿಲ್ಲಿಸಿದ್ದ. ಅವರನ್ನು ಎಬ್ಬಿಸಿ, ಅವರ ಕೈಯನ್ನು ತನ್ನ ಹೆಗಲ ಮೇಲೆ ಹಾಕಿಕೊಂಡಳು.

"ನಾನು ಕೇಳಿಯೇ ಕುಡಿದಿದ್ದು ಮಗಳೇ," ಎಂದರು ಅವರು ಏದುಸಿರು ಬಿಡುತ್ತ. "ಒಂಥರಾ ವಾಸನೆ ಅಂತ ಹೇಳೋಕೆ ಹೋದೆ. ನಿಮ್ಮ ಆಫೀಸಿನವಳು ಯಾರೋ, ಮಾತು ಮುಗಿಸೋಕೂ ಬಿಡ್ಲಿಲ್ಲ. ಏನೂ ಆಗಲ್ಲ, ಕುಡೀರಿ ಅಂದ್ಲು. ಸರ್ಕಾರಿ ಮಾತು ಅಂತ ನಂಬಿದೆ. ನೀನು ಅಲ್ಲೇ ಕೆಲಸ ಮಾಡೋದಲ್ವಾ? ಯಾರು ಅಂತ ಸ್ವಲ್ಪ ವಿಚಾರಿಸು."

ಮನೆಯವರಿಗೆ ಇಡೀ ಪಾಠ, ಊರಿನವರಿಗೆ ಅರ್ಧ ಮಾತು. ಆ ಉಳಿದರ್ಧವೇ ಮನೆಯಲ್ಲಿ ಕೂಸನ್ನು ಉಳಿಸಿತ್ತು. ಸುಮ್ಮನಿದ್ದರೂ ನಡೆಯುತ್ತಿತ್ತು, ಈ ದನಿ ಆ ದನಿಯೇ ಎಂದು ಅವರಿಗೆ ಇನ್ನೂ ಹೊಳೆದಿರಲಿಲ್ಲ.

"ವಿಚಾರಿಸೋದೇನಿಲ್ಲ," ಎಂದಳು. "ಅವಳು ನಾನೇ."

ಅವರ ಕೈ ಹೆಗಲಿನಿಂದ ಜಾರಿತು. ತಾವೇ ಒಂದು ಹೆಜ್ಜೆ ಇಟ್ಟರು, ಮೊಣಕಾಲು ತಡೆಯಲಿಲ್ಲ. ಆಟೋ ಇನ್ನೂ ದೂರವಿತ್ತು. ಹಿಡಿದುಕೊಳ್ಳಲು ಬೇರೇನೂ ಇರಲಿಲ್ಲವಾದ್ದರಿಂದ, ಅವಳ ಮುಖ ನೋಡದೆ, ಕೈಯನ್ನು ಮತ್ತೆ ಅದೇ ಹೆಗಲ ಮೇಲೆ ಇಟ್ಟರು.