ಒದ್ದೆ ತೋಳು

ಸಿಡುಬು ಬಾರದಂತೆ ದಾಕು ಹಾಕುವವನು ಸ್ಪಿರಿಟ್ಟಿನ ಹತ್ತಿಯಿಂದ ಮಗುವಿನ ತೋಳು ಒರೆಸಿ, ಸೂಜಿ ಹಿಡಿದ ಕೈಯನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿದ.

ತೋಳು ಒದ್ದೆಯಾಗಿ ಮಿನುಗುತ್ತಿತ್ತು. ಹುಡುಗಿ ತೊಟ್ಟಿದ್ದುದು ಅಕ್ಕನ ನೀಲಿ ಫ್ರಾಕು. ಕಳೆದ ವರ್ಷ ಇದೇ ಫ್ರಾಕಿನ ತೋಳು ಮೇಲೆತ್ತಿ ಅಕ್ಕನಿಗೆ ದಾಕು ಹಾಕಿದ್ದ. ಚಳಿಗಾಲ ಮುಗಿಯುವ ಮೊದಲೇ ಸಿಡುಬು ಅವಳನ್ನು ಕೊಂಡೊಯ್ದಿತ್ತು. ಅಂದಿನಿಂದ ಯಾವ ಮನೆಯಲ್ಲಿ ಯಾವ ಮಗುವಿನ ತೋಳು ಹಿಡಿದರೂ ಅವನ ಬೆರಳಿಗೆ ಸಿಗುತ್ತಿದ್ದುದು ಆ ಹುಡುಗಿಯ ತೋಳೇ, ತೆಳ್ಳಗೆ, ತಣ್ಣಗೆ.

"ಅದೇನಪ್ಪಾ, ತೋಳನ್ನ ಬಟ್ಟೆ ಹಾಗೆ ಒಣಗೋಕೆ ಹಾಕಿದೀಯಾ?" ಎಂದಳು ಹೊಸ್ತಿಲ ಬಳಿ ಕೂತಿದ್ದ ಅಜ್ಜಿ. "ಸೂಜಿ ನೋಡಿ ನೀನೇ ಹೆದರಿದ ಹಾಗಿದೆ. ಚುಚ್ಚಿಸ್ಕೊಳ್ಳೋದು ಇವಳೋ, ನೀನೋ?"

ಹುಡುಗಿ ಕಿಸಕ್ಕನೆ ನಕ್ಕಳು.

"ಸ್ಪಿರಿಟ್ಟು ಆರ್ಬೇಕು, ಅಜ್ಜಿ. ಒದ್ದೆ ತೋಳಿಗೆ ಹಾಕಿದ್ರೆ ಮದ್ದೇ ಸತ್ತೋಗತ್ತೆ."

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡ. ಒಲೆಯ ಮುಂದೆ ಕೂತಿದ್ದ ತಾಯಿ ಮೆಲ್ಲಗೆ ಎದ್ದು ಬಂದಳು.

"ಅವತ್ತು ನೀವು ಕಾಯಲಿಲ್ಲ."

"ಅಮ್ಮಾ, ಅವತ್ತು ಬೀದಿ ತುಂಬ ಜನ..."

"ಒರೆಸಿದ್ರಿ, ಚುಚ್ಚಿದ್ರಿ, ಆಚೆ ಮನೆಗೆ ಹೋದ್ರಿ. ದಾಕು ಹಿಡಿದ್ರೆ ಏಳಬೇಕಾದ ಗುಳ್ಳೆ ಏಳಲೇ ಇಲ್ಲ ಅಂತ ನಾನೇ ಹುಡುಕಿಕೊಂಡು ಬಂದು ಹೇಳಿದೆ. ಮೈ ಗಟ್ಟಿ ಇದೆ, ಅದಕ್ಕೇ ಎದ್ದಿಲ್ಲ ಅಂದ್ರಿ. ನಗ್ತಾ ಅಂದ್ರಿ."

ಅವನು ಹಾಗೆ ಅಂದದ್ದು ನಿಜ. ಹಾಗೆಂದೇ ನಂಬಿಯೂ ಇದ್ದ.

ಅಕ್ಕ ಮಲಗುತ್ತಿದ್ದ ಒಳಕೋಣೆಯಲ್ಲಿ ಯಾರೋ ಮಗ್ಗುಲು ಬದಲಿಸಿದ ಸದ್ದಾಯಿತು. ಅಲ್ಲಿ ಯಾರೂ ಇರಲಿಲ್ಲ. ಮೂವರು ದೊಡ್ಡವರೂ ಅತ್ತ ನೋಡಿದರು; ಹುಡುಗಿ ಮಾತ್ರ ನೋಡಲಿಲ್ಲ, ಅವಳಿಗದು ಅಭ್ಯಾಸವಾದಂತಿತ್ತು.

"ಹಿಂದಿನ ಬೀದೀಲಿ ಸಿಡುಬು ಮತ್ತೆ ಬಂದಿದೆ ಅಮ್ಮಾ," ಎಂದ ಅವನು. "ನಾಳೆ ಈ ಬೀದಿಗೂ ಬರಬಹುದು. ನನ್ನ ಮೇಲಿನ ಸಿಟ್ಟು ಇವಳ ಮೇಲೆ ತೀರಿಸ್ಕೋಬೇಡಿ."

"ಹಾಕಿಸೇ," ಅಜ್ಜಿಯ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. "ಇದೊಂದಾದ್ರೂ ಉಳೀಲಿ."

ತಾಯಿ ಮಗಳ ತೋಳು ಮುಟ್ಟಿ ನೋಡಿದಳು. ಪೂರ್ತಿ ಆರಿತ್ತು. ಅವಳ ಹೆಬ್ಬೆರಳು ಆ ಜಾಗದಲ್ಲೇ ನಿಂತಿತು. ಮತ್ತೆ ಫ್ರಾಕಿನ ತೋಳನ್ನು ಕೆಳಗೆಳೆದು ಮಗಳನ್ನು ಸೊಂಟಕ್ಕೆತ್ತಿಕೊಂಡಳು.

"ನನ್ನ ಕೈ ಬೇಡ ಅಂದ್ರೆ ಬಿಡಿ. ಬೇರೆಯವರನ್ನ ಕಳಿಸ್ತೀನಿ, ಇವತ್ತೇ."

"ಯಾರೂ ಬೇಡ," ಎಂದಳು ತಾಯಿ.